ಗಿರಾವೀನ್‌ನ ಸಿಸೆರೊ

ಮಾಧುರಿ: ಸಂಘದ ಚುನಾವಣಿ ಸಂಬಂಧ ಊಟಾ ಬಿಟ್ಟು ಕೂಡೂದೇನ್ರಿ? ನಿಮ್ಮ ಎದುರು ನಿಂತ ತ್ರಿವಿಕ್ರಮನ ಅಪ್ಪಾರು ಕನ್ನಡ ಸಂಘ ಕಟ್ಟಿದವರು. ಮಂದಿ ಅವಂಗs ವೋಟ್ ಹಾಕ್ತಾರ.

ಶಂಭುಲಿಂಗ: ಅಪ್ಪ ಕಟ್ಟಿದ್ರ ಮಗಾ ಅಧ್ಯಕ್ಷ ಆಗ್ಬೇಕೇನು? ಕುರ್ಚಿ ಹೊತ್ತಾಂವ ನಾನು, ಮೈಕ್ ಹಚ್ಚಿದಾಂವ ನಾನು! ಸಿಸೆರೊ ಗೊತ್ತದಾನೇನು ನಿನಗ?

ಮಾಧುರಿ: ಇಲ್ಲೇ ಸಿಡ್ನಿಯ ಎಪ್ಪಿಂಗ್‌ನಾಗ ಇರ್ತಾರೇನ್ರಿ?

ಶಂಭುಲಿಂಗ: ರೋಮಿನಾಂವ! ಎರಡು ಸಾವಿರ ವರ್ಷದ ಹಿಂದಿನಾಂವ. ಅವರ ಮನೆತನದಾಗ ಒಬ್ಬರೂ ಅಧಿಕಾರ ಕಂಡಿರಲಿಲ್ಲ. ದೊಡ್ಡ ಮನೆತನದವರು ‘ಇಂವ ಯಾವ ಹೊಸಬ’ ಅಂತ ಮೂಗು ಮುರಿದ್ರು. ಬರೇ ಮಾತಿನ ಬಲದ ಮ್ಯಾಲೆ ಕಾನ್ಸಲ್ ಆದ, ಅಂದ್ರ ಇಡೀ ರೋಮಿಗೆ ಹಿರೇಮನುಷ್ಯಾ!

ಮಾಧುರಿ: ಮುಂದ?

ಶಂಭುಲಿಂಗ: ಮುಂದ ತಲಿ ಕಡಿದ್ರು. ಅದು ಬ್ಯಾರೆ ವಿಷಯ.

ಮಗಳ ಹೈಸ್ಕೂಲಿನ ಇತಿಹಾಸ ಪುಸ್ತಕ ಕೈಗೆ ಸಿಕ್ಕಂದಿನಿಂದ ಶಂಭುಲಿಂಗನ ತಲೆಯಲ್ಲಿ ರೋಮ್ ಹೊಕ್ಕು ಕೂತಿತ್ತು. ಹುಬ್ಬಳ್ಳಿ ಬಿಟ್ಟು ಸಿಡ್ನಿಯ ಗಿರಾವೀನ್‌ಗೆ ಬಂದರೂ ಯಾರದೋ ಮಗನ ಮುಂದೆ ಸಣ್ಣವನಾಗಬೇಕಲ್ಲ ಎಂಬುದೇ ಅವನ ನಿಜವಾದ ಹೊಟ್ಟೆಯುರಿ. ಸಂಘದ ಅರ್ಧ ವೋಟು ಹಿರಿಯಳಾದ ಗಿರಿಜವ್ವನ ಮಾತಿನಂತೆ ಬೀಳುತ್ತದೆ. ಹೆಂಡತಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿ ಗಿರಿಜವ್ವನಿಗೆ ಫೋನ್ ಹಚ್ಚಿದ.

ಗಿರಿಜವ್ವ: ಶಂಭುಲಿಂಗ? ಯಾರ ಪೈಕಿಯಪಾ ನೀ?

ಶಂಭುಲಿಂಗ: ಯಾರ ಪೈಕಿನೂ ಅಲ್ರಿ ಅವ್ವಾರ. ಅಧ್ಯಕ್ಷ ಆಗೋರ ಹುಟ್ಟು ನೋಡಬ್ಯಾಡ್ರಿ, ಕೆಲಸಾ ನೋಡ್ರಿ!

ಗಿರಿಜವ್ವ: ಖರೇ ಮಾತು. ತ್ರಿವಿಕ್ರಮಂಗ ಅಪ್ಪನ ಹೆಸರು ಬಿಟ್ರ ಏನೈತಿ?

ಶಂಭುಲಿಂಗ ಮೀಸೆ ತಿರುವಿ ಹೆಂಡತಿಯತ್ತ ನೋಡಿದ. ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ.

ಗಿರಿಜವ್ವ: ನಮ್ಮ ಮೊಮ್ಮಗಳು ಇಂಗ್ಲಿಷ್ ಬಿಟ್ಟು ಬಾಯಿ ತೆಗೀತಿರಲಿಲ್ಲ. ಈಗ ನನ್ನ ಕೂಡ ಕನ್ನಡದಾಗ ಜಗಳಾ ತೆಗೀತಾಳ! ಶನಿವಾರದ ಕನ್ನಡ ಸಾಲಿ ನಡಸೂ ಮಾಧುರಿ ನಿನ್ನ ಹೆಂಡ್ತಿ ಅಲ್ಲೇನು? ಆಕಿನ್ನ ನಿಲ್ಲಸು. ನಾವೆಲ್ಲಾ ಆಕಿಗೇ ಹಾಕ್ತೀವಿ.

ಫೋನ್ ಕಟ್ಟಾಯಿತು. ಶಂಭುಲಿಂಗನ ಹುಬ್ಬು ಇನ್ನೂ ಕೆಳಗಿಳಿದಿರಲಿಲ್ಲ.

ಮಾಧುರಿ: ನಿಲ್ಲಲೇನ್ರಿ?

ಶಂಭುಲಿಂಗ: ಅದ್ಹೆಂಗಾಗ್ತೈತಿ? ರೋಮಿನಾಗ ಹೆಣ್ಮಕ್ಕಳು ಚುನಾವಣಿಗೆ ನಿಲ್ಲೂ ಹಂಗs ಇರಲಿಲ್ಲ!

ಮಾಧುರಿ: ಯಾಕಂತ?

ಶಂಭುಲಿಂಗ: ಯಾಕಂದ್ರ, ಹೆಣ್ಣಾಗಿ ಹುಟ್ಟಿದ ಮ್ಯಾಲೆ...

ಹುಟ್ಟು ನೋಡಬ್ಯಾಡ್ರಿ ಎಂದು ಈಗಷ್ಟೇ ತಾನೇ ಹೇಳಿದ್ದು ನೆನಪಾಯಿತು. ಮಾಧುರಿ ಸೊಂಟದ ಮೇಲೆ ಕೈಯಿಟ್ಟು ಕಾದಳು.

ಮಾಧುರಿ: ಹೇಳ್ರಿ. ಹುಟ್ಟಿದ ಮ್ಯಾಲೆ?

ಶಂಭುಲಿಂಗ: ಹುಟ್ಟಿದ ಮ್ಯಾಲೆ... ಒಮ್ಮೆರೆ ಅಧ್ಯಕ್ಷ ಆಗಬೇಕು ಅನ್ನಾಕತ್ತಿದ್ದೆ!

ಮಾಧುರಿ: ಏಳ್ರಿ ಊಟಕ್ಕ. ನಿಮ್ಮ ಸಿಸೆರೊನೂ ಇಷ್ಟು ಲಗೂನ ಮಾತು ತಿರುವಿರಲಿಕ್ಕಿಲ್ಲ.