ಹಳೇ ಮಿಲ್ಲುಗಳಿಗೆ ಹೊಸ ಮುಖ

ಮುಚ್ಚಿಹೋದ ಮಿಲ್ಲುಗಳ ಮುಂಭಾಗ ಕೆಡವಿ ಬೇರೆ ಮುಖ ಕಟ್ಟುವವನಿಗೆ ನಗುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಗೋಡೆಗೆ ಸುಣ್ಣ ಹೊಡೆದ ಮಾತ್ರಕ್ಕೆ ಅಲ್ಲಿ ಓಡಾಡಿದವರ ಅಭ್ಯಾಸ ಅಳಿಸಿಹೋಗುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದಲ್ಲಿ ನಕ್ಷೆ ಬರೆದುಕೊಂಡಿದ್ದೆ. ಹೊಸ ಕಟ್ಟಡ ನನ್ನ ಕೈಗೆ ಬಂದದ್ದು ಕಮ್ಮಿ. ನಿಂತುಹೋದ ಹತ್ತಿ ಮಿಲ್ಲು, ಎಣ್ಣೆ ಮಿಲ್ಲುಗಳೇ ಹೆಚ್ಚು. ಮೈ ಅದೇ ಇರಲಿ, ಮುಖ ಮಾತ್ರ ಬದಲಿಸಿಕೊಡಿ ಅನ್ನುತ್ತಿದ್ದರು ಮಾಲೀಕರು.

ಹಿರಿಯೂರಿನ ಕಿಟಕಿಗಳು

ಹಿರಿಯೂರಿನಲ್ಲಿ ಒಂದು ಹತ್ತಿ ಮಿಲ್ಲನ್ನು ಹೆಣ್ಣುಮಕ್ಕಳ ಹಾಸ್ಟೆಲ್ ಮಾಡಬೇಕಿತ್ತು. ಆಳೆತ್ತರಕ್ಕಿಂತ ಮೇಲೆ ಪುಟ್ಟ ಪುಟ್ಟ ಕಿಟಕಿ, ಅದಕ್ಕೂ ಕಬ್ಬಿಣದ ಸರಳು. ಮಗಳನ್ನು ಸೇರಿಸಲು ಬಂದ ಅಪ್ಪಂದಿರು ಹೊರಗೇ ನಿಂತು ನೋಡಿ, "ಜೈಲಿದ್ದಂಗೈತೆ" ಎಂದು ವಾಪಸ್ ಹೋಗುತ್ತಿದ್ದರು.

ನಾನು ಕಿಟಕಿಗಳನ್ನು ಕೆಳಗಿಳಿಸಿದೆ. ಮುಂದೆ ಉದ್ದಕ್ಕೆ ಜಗಲಿ ಹಾಕಿಸಿ, ಅಂಗಳದಲ್ಲಿ ತುಳಸಿಕಟ್ಟೆ ಕಟ್ಟಿಸಿದೆ. ಬಾಗಿಲಿಗೆ ಹಸಿರು ಬಣ್ಣ.

ಹಿಂದೆ ತಿರುಗಿಹೋಗಿದ್ದ ರೈತರೊಬ್ಬರು ಹೆಂಡತಿ, ಮಗಳನ್ನು ಕರೆದುಕೊಂಡು ಮತ್ತೆ ಬಂದರು. ಹುಡುಗಿ ಪುಸ್ತಕದ ಚೀಲವನ್ನು ಎದೆಗವಚಿಕೊಂಡು ಅಪ್ಪನ ಮುಖವನ್ನೇ ನೋಡುತ್ತಿತ್ತು. ಅಪ್ಪ ಜಗಲಿ ಮೇಲೆ ಕೂತು, ಗೋಡೆಗೆ ಒರಗಿ, "ಈಗ ಮನೆ ಇದ್ದಂಗೈತೆ ಬಿಡು" ಎಂದರು. ನನಗೆ ಹೆಮ್ಮೆಯಾಯಿತು.

ತಾಯಿ ಮಾತ್ರ ಕೂರಲಿಲ್ಲ. "ಮನೆ ಇದ್ದಂಗಿದ್ರೆ ಬ್ಯಾಡ. ಮನೆ ಕೆಲಸದಾಗೆ ಓದಕ್ಕಾಗಲ್ಲ ಅಂತ ತಾನೆ ಇಲ್ಲಿಗೆ ಕರಕಂಡು ಬಂದಿರದು?"

ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಮೇಟ್ರನ್ ಮುಂದೆ ಬಂದು, "ಇಲ್ಲಿ ಹುಡುಗೀರನ್ನ ಅಡಿಗೆಮನೆಗೇ ಬಿಡಲ್ಲಮ್ಮ. ಊಟ ಕುಂತಲ್ಲಿಗೆ ಬರುತ್ತೆ, ಓದ್ಕಂಡಿದ್ರೆ ಸಾಕು" ಎಂದು ಧೈರ್ಯ ಹೇಳಿದರು.

ತಾಯಿ ಮಗಳ ಚೀಲ ಇಸಿದುಕೊಂಡು ತಾನೇ ಒಳಗಿಟ್ಟು ಬಂದರು. ಬಾಗಿಲ ಹತ್ತಿರ ಒಂದು ಗಳಿಗೆ ನಿಂತು ಮೇಟ್ರನ್‌ರನ್ನು ಮೆಲ್ಲಗೆ ಕೇಳಿದರು: "ನನ್ನ ವಯಸ್ಸಿನೋರ್ನೂ ಸೇರಿಸ್ಕಂತೀರೇನವ್ವ?"

ಎತ್ತುಗಳಿಗೆ ಗೊತ್ತಿದ್ದ ಬಾಗಿಲು

ಹೊಳಲ್ಕೆರೆಯಲ್ಲಿ ಕಡ್ಲೆಕಾಯಿ ಎಣ್ಣೆ ಮಿಲ್ಲೊಂದು ಕಲ್ಯಾಣ ಮಂಟಪವಾಯಿತು. ಮುಂಭಾಗಕ್ಕೆ ನಾನು ಕಮಾನು ಕಟ್ಟಿಸಿ, ಗಾರೆಯಲ್ಲಿ ತಾವರೆ ಬಿಡಿಸಿದ್ದೆ. ಹಿಂದಿನ ಅಂಗಳಕ್ಕೆ ಕೈ ಹಚ್ಚಿರಲಿಲ್ಲ. ಚೀಲ ತೂಗುವ ದೊಡ್ಡ ತಕ್ಕಡಿಯ ಕಂಬ ಇನ್ನೂ ಅಲ್ಲೇ ಇತ್ತು.

ಮೊದಲ ಮದುವೆ. ಹೆಣ್ಣಿನ ಕಡೆಯವರು ಕಮಾನಿನ ಕೆಳಗೆ ಆರತಿ ಹಿಡಿದು ನಿಂತಿದ್ದಾರೆ, ಓಲಗ ನಡೆದಿದೆ. ಗಂಡಿನ ಗಾಡಿ ಬಂತು, ಕಮಾನನ್ನು ದಾಟಿ ಮುಂದಕ್ಕೆ ಹೋಗೇಬಿಟ್ಟಿತು. ಸುಗ್ಗಿ ಸುಗ್ಗಿಗೂ ಕಾಯಿ ಹೊತ್ತು ಅದೇ ಮಿಲ್ಲಿಗೆ ಬಂದ ಎತ್ತುಗಳು ಅವು. ಗಾಡಿ ಹೊಡೆಯುವವ ಎಷ್ಟು ಹಗ್ಗ ಜಗ್ಗಿದರೂ ಕೇಳದೆ ಹಿಂಬಾಗಿಲಲ್ಲಿ ನುಗ್ಗಿ, ತಕ್ಕಡಿ ಕಂಬದ ಹತ್ತಿರ ತಾವಾಗಿ ನಿಂತವು.

ಎದುರಿಗೇ ಹೆಣ್ಣಿಗೆ ಅಲಂಕಾರ ಮಾಡುತ್ತಿದ್ದ ಕೋಣೆ. ಶಾಸ್ತ್ರಕ್ಕೆ ಮುಂಚೆ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಕೂಡದು ಎಂದು ಹಿರಿಯರು ಕಟ್ಟುನಿಟ್ಟು ಮಾಡಿದ್ದರು. ಹುಡುಗ ಬಾಸಿಂಗ ಸರಿಮಾಡಿಕೊಳ್ಳುತ್ತ ಗಾಡಿಯಿಂದ ಇಳಿದು ತಲೆ ಎತ್ತಿದ. ಅರ್ಧ ಜಡೆ ಹೆಣೆಸಿಕೊಂಡ ಹುಡುಗಿ ಕಿಟಕಿಯಲ್ಲಿ ನಿಂತು ನಗುತ್ತಿದ್ದಳು. ಅವನೂ ನಕ್ಕ.

ಹೆಂಗಸರು ಕಿಟಕಿ ಮುಚ್ಚಲು ಓಡಿದರು. ಹುಡುಗಿಯ ಅಜ್ಜಿ ಅವರನ್ನು ತಡೆದಳು. "ನೋಡ್ಲಿ ಬಿಡ್ರೇ. ಮಿಲ್ಲಿಗೆ ಬಂದೋರು ಮಾಲು ನೋಡ್ದಲೆ ಒಪ್ತಾರಾ?"

ಕಾಣೆಯಾದ ಮಿಲ್ಲು

ಚಿತ್ರದುರ್ಗದ ಅಂಚಿನಲ್ಲಿದ್ದ ಹತ್ತಿ ಮಿಲ್ಲಿಗೆ ತುರುವನೂರಿನ ಕಡೆಯ ಒಬ್ಬ ಮುದುಕ ಕಾವಲಿಗಿದ್ದ. ಮಿಲ್ಲು ನಿಂತಮೇಲೂ ಗೇಟು ಬಿಟ್ಟು ಕದಲಿದವನಲ್ಲ. ಮಗಳ ಬಾಣಂತನ ಅಂತ ಊರಿಗೆ ಹೋದಾಗ ಮಿಲ್ಲನ್ನು ಮಕ್ಕಳ ಶಾಲೆ ಮಾಡುವುದೆಂದು ತೀರ್ಮಾನವಾಯಿತು. ಅವನಿಗೆ ಹೇಳಿಕಳಿಸಲು ಯಜಮಾನರು ಮರೆತರು. ನಾವು ಮುಂದಿನ ಗೋಡೆ ಕೆಡವಿ, ವರಾಂಡ ಎಳೆದು, ಹಳದಿ ಬಣ್ಣ ಹೊಡೆದೆವು.

ಒಂದು ಮಧ್ಯಾಹ್ನ ಆತ ಗಂಟು ಹೊತ್ತು ಬಂದ. ಶಾಲೆಯ ಮುಂದೆ ಹೋದ, ತಿರುಗಿ ಬಂದ, ಮತ್ತೆ ಹೋದ. ಕೊನೆಗೆ ನನ್ನ ಹತ್ತಿರ ಬಂದು, "ಸ್ವಾಮಿ, ಇಲ್ಲೊಂದು ಮಿಲ್ಲಿತ್ತು" ಎಂದ.

ನಾನು ಬಾಯಿ ತೆರೆಯುವುದರೊಳಗೆ ಅವನ ಕಣ್ಣಲ್ಲಿ ನೀರು. "ಇಷ್ಟು ವರ್ಷ ಕಾಯ್ದೆ, ಒಂದು ಹೆಂಚು ಕಳುವಾಗಿಲ್ಲ. ಮಗಳನ್ನ ನೋಡ್ಕಂಡು ಬರೋದ್ರಾಗೆ ಮಿಲ್ಲೇ ಹೋಗೈತೆ. ಯಜಮಾನ್ರಿಗೆ ಏನಂತ ಹೇಳ್ಲಿ?"

ನಗು ತಡೆದುಕೊಂಡು ಅವನನ್ನು ಹಿಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಹಳೆಯ ಕಲ್ಲುಗೋಡೆ ಹಾಗೇ ಇತ್ತು. ಅದನ್ನು ಅಂಗೈಯಿಂದ ತಟ್ಟಿ ನೋಡಿ, "ಐತೆ" ಎಂದು ಅಲ್ಲೇ ಕುಕ್ಕರಿಸಿದ. ಹೆಡ್‌ಮಿಸ್ಟ್ರೆಸ್ ನೀರು ತರಿಸಿಕೊಟ್ಟು, "ಅಜ್ಜಾರೇ, ಇನ್ಮೇಲೆ ನಮ್ಮ ಶಾಲೆ ಕಾಯ್ಕಂಡಿರ್ರಿ" ಎಂದರು.

ಶಾಲೆ ಶುರುವಾದ ದಿನ ಸಂಜೆ ಗಂಟೆ ಹೊಡೆಯಿತು. ಆತ ಗೇಟನ್ನು ಅರ್ಧ ಮುಚ್ಚಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೂಲಿಯವರು ಹತ್ತಿ ಕದ್ದೊಯ್ಯದಂತೆ ನೋಡುತ್ತಿದ್ದನಲ್ಲ, ಹಾಗೇ ಒಬ್ಬೊಬ್ಬರ ಜೇಬು ತಡವಿ ಹೊರಗೆ ಬಿಟ್ಟ. ಮಕ್ಕಳಿಗೆ ಇದು ಆಟ. ಕೈ ಮೇಲೆತ್ತಿ ನಗುತ್ತಾ ನಿಂತವು. ಒಂದು ಪುಟ್ಟ ಹುಡುಗಿಯ ಜೇಬಿನಲ್ಲಿ ಒಂದಿಷ್ಟು ಹುರಿಗಡಲೆ ಸಿಕ್ಕಿತು. ಅದು ಹೆದರಿ, "ನಿಂಗೂ ಬೇಕಾ ಅಜ್ಜಾ?" ಎಂದು ಅರ್ಧ ಅವನ ಕೈಗೆ ಹಾಕಿತು.

ಕೆಲವು ದಿನ ಕಳೆದು ನಾನು ಬೆಳಿಗ್ಗೆ ಆ ಕಡೆ ಹೋದೆ. ಮಕ್ಕಳು ಗೇಟಿನ ಹೊರಗೆ ಸಾಲು ನಿಂತಿದ್ದವು, ಎಲ್ಲರ ಜೇಬೂ ಉಬ್ಬಿತ್ತು. ಹೆಡ್‌ಮಿಸ್ಟ್ರೆಸ್ ಬಂದು, "ಅಜ್ಜಾರೇ, ಕಳ್ಳತನ ಆಗೋದು ಹೋಗುವಾಗ ತಾನೆ? ಬರುವಾಗ ಯಾಕ್ರಿ ಜೇಬು ನೋಡ್ತೀರಿ?" ಎಂದು ಕೇಳಿದರು.

ಅಜ್ಜ ಗಂಭೀರವಾಗಿ ಕೈ ಎತ್ತಿ, ಸ್ವಲ್ಪ ತಡೀರಿ ಎಂದು ಸನ್ನೆ ಮಾಡಿದ. ಬಾಯಿ ತುಂಬ ಹುರಿಗಡಲೆ ಇತ್ತು.