ಪ್ರಾಂಪ್ಟರನ ಹೊಟ್ಟೆಯೊಳಗಿನ ಜಗಳ

ನಡುರಾತ್ರಿ ಬಾಗಿಲು ಬಡಿದ ಸದ್ದಾಯಿತು.

“ಯಾರು?” ಎಂದ ಪ್ರಾಂಪ್ಟರ್, ಒಳಗಿನಿಂದ.

“ಇನ್ಯಾರು? ಅಲ್ಲೇ ಸಂಸಾರ ಹೂಡಿದ್ದೀರಾ ಅಂತ ಕೇಳೋಕೆ ಬಂದೆ,” ಎಂದಳು ಹೆಂಡತಿ. ಬಡಿದದ್ದು ಪಾಯಿಖಾನೆಯ ಬಾಗಿಲು.

ಬೆಳಗಾಗುವ ಹೊತ್ತಿಗೆ ಆತ ಹಿಂಡಿ ಒಣಹಾಕಿದ ಬಟ್ಟೆಯಂತಾಗಿದ್ದ. ಸಂಜೆ ಹೊಸ ನಾಟಕದ ಮೊದಲ ಪ್ರದರ್ಶನ. ರಂಗದ ಮಗ್ಗುಲಲ್ಲಿ ಕುಳಿತು, ನಟರು ಮರೆತ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಡುವುದು ಅವನ ಕಸುಬು. ತಾಲೀಮಿನುದ್ದಕ್ಕೂ ಪಿಸುಮಾತಿಗಿಂತ ಕೆಮ್ಮೇ ಮುಂದಾದ್ದರಿಂದ ಕಂಪನಿಯ ಮಾಲೀಕರು ಖಂಡತುಂಡವಾಗಿ ಹೇಳಿಬಿಟ್ಟಿದ್ದರು: “ಕೆಮ್ಮೋದಾದ್ರೆ ಬರ್ಬೇಡ. ನೀನಿಲ್ದೆ ನಾಟಕ ನಡೆದುಹೋದ್ರೆ ಮುಂದಕ್ಕೂ ನೀನು ಬೇಡ.”

ಮೇಲ್ಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಇಳಿದು ಬಂದರು. “ರಾತ್ರಿಯೆಲ್ಲ ನಿಮ್ಮ ನಲ್ಲಿ ಸದ್ದಿಗೆ ನಂಗೂ ನಿದ್ದೆಯಿಲ್ಲ. ಏನಪ್ಪಾ ತಿಂದೆ?”

“ಕಾಲಿನ ಹೆಬ್ಬೆರಳು ಊದಿತ್ತಲ್ಲ, ಆ ಗೌಟಿಗೆ ಕೊಟ್ಟ ಮಾತ್ರೆ ಒಂದೇ, ಮೇಷ್ಟ್ರೇ.”

“ಗೌಟೇ? ಅದು ರಾಜರ ಕಾಯಿಲೆ ಅಲ್ವೇನಯ್ಯ. ನಿನ್ನ ಸಂಬಳಕ್ಕೆ ಹೇಗೆ ಬಂತು?”

ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರ ನಗಲಿಲ್ಲ. “ಬಾಯಿ ಕಹಿಯಾಗಿದೆಯಾ?”

“ನಾಣ್ಯ ಚೀಪಿದ ಹಾಗಿದೆ.”

“ಕೆಮ್ಮು?”

ಅವನು ಗಮನಿಸಿದ್ದೇ ಆಗ. ಕೆಮ್ಮು ನಿಂತೇ ಹೋಗಿತ್ತು.

“ಯಾವುದೋ ಆಂಟಿಬಯಾಟಿಕ್ ಒಳಗೆ ಸೇರಿದೆ. ಕ್ಲಾರಿಥ್ರೊಮೈಸಿನ್ ಅಂತ ನನ್ನ ಅನುಮಾನ. ಕೆಮ್ಮಿಗೆ ಅದೂ ಒಳ್ಳೇದೇ, ನಿಮ್ಮ ಗೌಟಿನ ಮಾತ್ರೆ ಕಾಲ್ಚಿಸಿನ್ನೂ ಒಳ್ಳೇದೇ. ಎರಡೂ ಸೇರಿದ್ರೆ ಮಾತ್ರ ಅದು ಇದನ್ನ ಮೈಯಿಂದ ಹೊರಗೆ ಹೋಗೋಕೆ ಬಿಡಲ್ಲ. ಇದು ಒಳಗೇ ಕೂಡಿ ಕೂಡಿ ವಿಷವಾಗುತ್ತೆ. ಇನ್ನೆರಡು ದಿನ ಹೀಗೇ ನಡೆದಿದ್ರೆ ಜೀವಕ್ಕೇ ಕುತ್ತಾಗ್ತಿತ್ತು. ಕೊಟ್ಟವರು ಯಾರು?”

“ಯಾರೂ ಕೊಟ್ಟಿಲ್ಲ, ಸಾರ್.”

“ಹಾಗಾದ್ರೆ ನಿಮಗೆ ಗೊತ್ತಾಗದ ಹಾಗೆ ಕೊಟ್ಟಿದ್ದಾರೆ.”

ತೋಳಿಗೆ ಡ್ರಿಪ್ ಚುಚ್ಚಿಸಿಕೊಂಡು ಮಲಗಿದವನಿಗೆ ಲೋಕವೆಲ್ಲ ಸಂಶಯದ ಗೂಡಾಯಿತು. ರಾತ್ರಿ ಜೇನು ನೆಕ್ಕಿಸುತ್ತಿದ್ದ ಹೆಂಡತಿಯೇ? ಕೇಳಿದ್ದೇ ತಪ್ಪಾಯಿತು. “ಮದ್ದು ಹಾಕೋದಿದ್ರೆ ಮದುವೆಯಾದ ವರ್ಷವೇ ಹಾಕ್ತಿದ್ದೆ,” ಎಂದಳು. ಮೇಷ್ಟ್ರು, ಮನೆಯಲ್ಲಿ ಉಳಿದ ಮಾತ್ರೆಗಳನ್ನು ಓಣಿಗೆಲ್ಲ ಹಂಚುವ ಧರ್ಮಾತ್ಮರು, ಅವರೂ ಆಣೆಯಿಟ್ಟರು. ತಾಲೀಮಿನ ಕೋಣೆಯಲ್ಲಿ ಎಲ್ಲರ ಕೈಗೂ ಸಿಗುವಂತಿದ್ದ ತನ್ನ ಬಿಸಿನೀರಿನ ಫ್ಲಾಸ್ಕು? ನಾಯಕನಟನಂತೂ ಆಸ್ಪತ್ರೆಗೇ ಓಡಿಬಂದು, “ಯಾರು ಅಂತ ಗೊತ್ತಾಗ್ಲಿ ತಮ್ಮಾ, ಚರ್ಮ ಸುಲೀತೀನಿ. ನೀನಿಲ್ದೆ ಕೊನೇ ದೃಶ್ಯ ನಂಗೆ ಬಾಯಿಗೇ ಬರಲ್ಲ,” ಎಂದು ಗಳಗಳನೆ ಅತ್ತ.

ಎಷ್ಟು ಎಣಿಕೆ ಹಾಕಿದರೂ ತನಗೆ ಕೇಡು ಬಯಸುವವರು ಯಾರೂ ಪ್ರಾಂಪ್ಟರನಿಗೆ ಕಾಣಲಿಲ್ಲ. ಎಲ್ಲರೂ ಒಳ್ಳೆಯದನ್ನೇ ಬಯಸಿದವರು. ಹಗೆಯಿಂದಾದರೂ ತಪ್ಪಿಸಿಕೊಳ್ಳಬಹುದು, ಹೇಳದೆ ಮಾಡುವ ಉಪಕಾರದಿಂದ ಪಾರಾಗುವುದು ಹೇಗೆ?

ಡಾಕ್ಟರು ಬೇಡವೆಂದರೂ ಕೇಳದೆ, ಸಂಜೆ ಹೆಂಡತಿಯ ಹೆಗಲು ಹಿಡಿದು ರಂಗಮಂದಿರ ಸೇರಿದ. ಕೊನೆಯ ದೃಶ್ಯ ನಡೆಯುತ್ತಿತ್ತು. ನೀರಿಗೆ ವಿಷ ಬೆರೆಸಿದವರು ಯಾರೆಂದು ರಾಣಿ ಕೇಳಿದಳು. ರಾಜನಾಗಿದ್ದ ನಾಯಕನಟ ಸೇನಾಪತಿಯ ಹೆಸರೆತ್ತಬೇಕು. ಮಾತು ಮರೆತುಹೋಗಿತ್ತು. ಮಾಲೀಕರು ಹಣೆ ಚಚ್ಚಿಕೊಂಡರು. ಪ್ರಾಂಪ್ಟರನ ಎದೆಯಲ್ಲಿ ದೀಪ ಹತ್ತಿತು: ತಾನಿನ್ನೂ ಬೇಕಾದವನೇ. ಪರದೆಯ ಮರೆಯಿಂದ ಕತ್ತು ಚಾಚಿ, ಅಳಿದುಳಿದ ತ್ರಾಣವನ್ನೆಲ್ಲ ನಾಲಿಗೆಗೆ ತಂದು ಪಿಸುಗುಟ್ಟಿದ: “ಸೇನಾಪತಿ… ಸೇನಾಪತಿ ಅನ್ನಣ್ಣಾ.”

ನಾಯಕನಟ ತಿರುಗಿದ. ಕುಳಿಬಿದ್ದ ಆ ಕಣ್ಣುಗಳನ್ನೂ ಗೋಡೆಗೊರಗಿ ನಡುಗುತ್ತಿದ್ದ ಆ ಮೈಯನ್ನೂ ಕಂಡ. ಮೆಲ್ಲನೆ ಕಿರೀಟ ಕಳಚಿದ. ಮುಂದೆ ಅವನಾಡಿದ್ದು ನಾಟಕದಲ್ಲಿ ಇಲ್ಲದ ಮಾತು. ಅದಕ್ಕೆ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು; “ಪ್ರಾಂಪ್ಟರ್ ಕೂತಿದ್ದಿದ್ರೆ ಇಂಥ ತಿರುವು ಬರ್ತಿತ್ತಾ? ಇನ್ನು ಆ ಕುರ್ಚಿಯೇ ಬೇಡ,” ಎಂದು ಮಾಲೀಕರು ನಿಂತಲ್ಲೇ ತೀರ್ಮಾನಿಸಿದರು. ಆಡಿದ ಮಾತು ಇಷ್ಟೇ:

“ನೀರಿಗೆ ಬೆರೆಸಿದವನು ನಾನೇ ಕಣೋ, ತಮ್ಮಾ.”