ಇಡ್ಲಿ ಹಿಟ್ಟಿನ ಹಿಮಪಾತ

ಚಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಅಗತ್ಯವಿರಲಿಲ್ಲ. ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ಇಡೀ ಒಂದು ಚಳಿಗಾಲ ಕಳೆದು ಸಿಡ್ನಿಯ ಟೂಂಗಾಬಿಗೆ ಬಂದವನು ನಾನು! ಆದ್ದರಿಂದ ಮಗಳು ದಿಶಾ ಶಾಲೆಗೆಂದು ಮ್ಯಾಕ್ವೆರಿ ದ್ವೀಪದ ಮಾದರಿ ಮಾಡಿದಾಗ, ಅದರ ಹವಾಮಾನ ಖಾತೆಯನ್ನು ನಾನೇ ವಹಿಸಿಕೊಂಡೆ.

ಟ್ಯಾಸ್ಮೇನಿಯಾದಿಂದ ಅಂಟಾರ್ಕ್ಟಿಕಾಕ್ಕೆ ಹೋಗುವ ಅರ್ಧ ದಾರಿಯಲ್ಲಿ ಒಂಟಿಯಾಗಿ ಬಿದ್ದಿರುವ ದ್ವೀಪ ಅದು. ಅವಳು ಥರ್ಮೋಕೋಲ್ ಕೊರೆದು ಉದ್ದನೆಯ ಗುಡ್ಡ ಮಾಡಿ, ಪೆಂಗ್ವಿನ್‌ಗಳನ್ನು ನಿಲ್ಲಿಸಿ, ಪೂರ್ತಿ ಹಸಿರು ಬಳಿದಿದ್ದಳು. ಪೆಂಗ್ವಿನ್ ಇರುವ ಜಾಗಕ್ಕೆ ಹಸಿರು!

"ಹಿಮ ಎಲ್ಲಮ್ಮಾ?"

"ಡ್ಯಾಡ್, ಇಟ್ಸ್ ಗ್ರೀನ್! ಸ್ನೋ ಡಸಂಟ್ ಸ್ಟೇ. ಜಸ್ಟ್ ಗ್ರಾಸ್, ವಿಂಡ್ ಅಂಡ್ ರೇನ್."

ಪಾಪ, ಮಗು. ಡ್ಯಾಂಡಿನಾಂಗ್ ಕಂಡಿಲ್ಲ.

ಮರುದಿನ ಅವಳು ಮೊದಲ ಸಲ ಇಡೀ ಕ್ಲಾಸಿನ ಮುಂದೆ ಮಾತಾಡಬೇಕಿತ್ತು. ಹೆದರಿಕೊಂಡೇ ಮಲಗಿದಳು. ಅವಳ ಮಾನ ಕಾಪಾಡಲು ನಾನು ತುರ್ತು ಹಿಮಪಾತಕ್ಕೆ ಆದೇಶಿಸಿದೆ. ಹತ್ತಿ ಅಂಟಿಸಿದೆ, ಉದುರಿತು. ರಂಗೋಲಿ ಪುಡಿ ಚೆಲ್ಲಿದೆ, ಒಂದು ಸೀನಿಗೆ ಎಲ್ಲಾ ಸೋಫಾದ ಮೇಲೆ! ಆಗ ಅಡುಗೆಮನೆಯ ಕಟ್ಟೆಯ ಮೇಲೆ, ಹೊಸದಾಗಿ ರುಬ್ಬಿದ ಇಡ್ಲಿ ಹಿಟ್ಟು ಕಾಣಿಸಿತು.

"ರೀ, ಅದು ನಾಳೆ ತಿಂಡಿಗೆ!" ಹೆಂಡತಿ ಸುಮನಾ ಕೂಗಿದಳು.

"ಎರಡೇ ಸೌಟು ಕಣೇ!"

ಹಿಟ್ಟು ಗುಡ್ಡವನ್ನು ಗಟ್ಟಿಯಾಗಿ ಕಚ್ಚಿಕೊಂಡಿತು. ಎಂಥ ಹಿಮ! ಬೇಗ ಒಣಗಲಿ ಎಂದು ದ್ವೀಪವನ್ನು ಹೀಟರ್ ಪಕ್ಕ ಇಟ್ಟು ಮಲಗಿದೆ. ಚಳಿಗಾಲವಿಡೀ ಹಿಟ್ಟು ಉಬ್ಬಲೆಂದು ಪಾತ್ರೆಯನ್ನು ಅದೇ ಹೀಟರ್ ಪಕ್ಕ ಇಡುವವನೂ ನಾನೇ. ಆ ಸಂಗತಿ ಬೆಳಗ್ಗೆ ನೆನಪಾಯಿತು.

ಮನೆಯೆಲ್ಲ ಹುಳಿ ವಾಸನೆ! ಪೆಂಗ್ವಿನ್‌ಗಳು ಕುತ್ತಿಗೆಯವರೆಗೆ ಮುಳುಗಿದ್ದವು.

"ಪಾತ್ರೇಲಿರೋದು ಉಬ್ಬೇ ಇಲ್ಲ, ನಿಮ್ಮ ದ್ವೀಪ ಉಬ್ಬಿದೆ ನೋಡಿ!" ಎಂದಳು ಸುಮನಾ.

ದಿಶಾಳ ಕಣ್ಣು ತುಂಬಿತ್ತು.

ದ್ವೀಪ ಹೊತ್ತುಕೊಂಡು ನಾನೇ ಕ್ಲಾಸಿಗೆ ಹೋದೆ. ಮಕ್ಕಳು ಮೂಗು ಮುಚ್ಚಿಕೊಂಡರು. ದಿಶಾ ಲಂಚ್ ಬಾಕ್ಸಿನ ಚಮಚ ತೆಗೆದು ಹಿಟ್ಟನ್ನು ಬರಬರನೆ ಕೆರೆದಳು. ಒಳಗೆ ಹಸಿರು ಗುಡ್ಡ!

"ಪೀಪಲ್ ಥಿಂಕ್ ಇಟ್ಸ್ ಆಲ್ ಸ್ನೋ," ಎಂದು ಶುರುಮಾಡಿದವಳು, ಗಾಳಿ, ಮಳೆ, ಮರವೇ ಇಲ್ಲದ ಹುಲ್ಲುಗಾವಲು ಎಂದು ಎಲ್ಲೂ ತಡವರಿಸದೆ ಹೇಳಿ ಮುಗಿಸಿದಳು. ಚಪ್ಪಾಳೆಯೋ ಚಪ್ಪಾಳೆ! ನಾನಂತೂ ಕುಣಿಯುವುದೊಂದು ಬಾಕಿ.

ಟೀಚರ್ ಮೆಚ್ಚಿ, ಜನರ ತಪ್ಪು ತಿಳಿವಳಿಕೆಯನ್ನು ಹೀಗೆ ಕೆರೆದು ತೋರಿಸುವ ಉಪಾಯ ಯಾರದೆಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡೆ.

ದಿಶಾ ನನ್ನತ್ತ ಚಮಚ ತೋರಿಸಿದಳು. "ದ ಸ್ಕ್ರೇಪಿಂಗ್ ವಾಸ್ ಮೈನ್. ದ ಮಿಸ್ಟೇಕ್ ಈಸ್ ಮೈ ಡ್ಯಾಡ್ಸ್."